ಕೊನೆಯ ಗಾಡಿ ಇಲ್ಲದ ರೈಡ್: ಗೆಳೆಯನ ನೆನಪಿಗೆ ನಾವು ಮಾಡಿದ್ದು, ಆಮೇಲೆ ಸರಿಪಡಿಸಿಕೊಂಡಿದ್ದು

ಮೈಸೂರು ಕಡೆಯ ಒಂದು ಬೈಕ್ ಬಳಗದಲ್ಲಿ ನಡೆದದ್ದು ಇದು. ನಾನೂ ಆ ಬಳಗದವನು. ನಮ್ಮಲ್ಲಿ ಒಬ್ಬರು ತೀರಿಕೊಂಡರು. ಅವರ ನೆನಪಿಗೆ ಅಂತ ನಾವು ಒಂದು ವರ್ಷದಲ್ಲಿ ಏನೇನೋ ಮಾಡಿದೆವು. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ. ಆದರೆ ಅದರಿಂದ ಅವರ ಮನೆಯವರಿಗೆ ಎರಡು ಸಲ ನೋವಾಯಿತು, ಒಬ್ಬ ಹುಡುಗನ ಎಲುಬು ಮುರಿಯಿತು. ಪ್ರತಿ ಊರಿನ ಬೈಕ್ ಬಳಗಕ್ಕೂ ಇಂಥ ದಿನ ಒಂದಲ್ಲ ಒಂದು ಸಲ ಬರುತ್ತದೆ, ಬಂದಾಗ ಕೂತು ಯೋಚಿಸುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಮನೆಯವರಿಗೆ ಓದಿ ಹೇಳಿ, ಅವರು ಸರಿ ಅಂದ ಮೇಲೆಯೇ ಇಲ್ಲಿ ಹಾಕುತ್ತಿರುವುದು.

ಅಣ್ಣ

ಅವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ವಯಸ್ಸು ಐವತ್ತರ ಮೇಲೆ ಸ್ವಲ್ಪ. ಅವರ ತಂದೆ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಅಲ್ಲಿ ಜಾವಾ ಬೈಕ್ ತಯಾರಾಗೋಕೆ ಶುರುವಾಯಿತು, 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು, 1996ಕ್ಕೆ ಬಾಗಿಲು ಮುಚ್ಚಿತು. ಮೈಸೂರಿನ ಹಳೇ ಬೀದಿಗಳಲ್ಲಿ ಕೇಳಿದರೆ ಆ ಫ್ಯಾಕ್ಟರಿಯ ಸಂಬಳದಲ್ಲಿ ಮಕ್ಕಳನ್ನು ಓದಿಸಿದ ಮನೆ ಈಗಲೂ ಸಿಗುತ್ತದೆ. ಇವರದೂ ಅಂಥದ್ದೇ ಮನೆ. ತಂದೆ 1985ರಲ್ಲಿ ಕೊಂಡ ಯೆಜ್ಡಿಯನ್ನೇ ಅಣ್ಣ ಕೊನೆಯವರೆಗೂ ಓಡಿಸಿದರು.

ಯೆಜ್ಡಿ ಓಡಿಸದವರಿಗೆ ಒಂದು ಮಾತು ಹೇಳಬೇಕು. ಈ ಗಾಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ. ಎರಡೂ ಒಂದೇ. ಲಿವರನ್ನು ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಲೀಟರಿಗೆ 40 ಎಂ.ಎಲ್. ಅಂತ ಅಣ್ಣನ ಲೆಕ್ಕ. ಎರಡು ಸೈಲೆನ್ಸರ್‌ನಿಂದ ಬರುವ ಆ ಪಟಪಟ ಸದ್ದು ಬೀದಿಯ ತುದಿಯಲ್ಲೇ ಗೊತ್ತಾಗುತ್ತದೆ. ಆ ಸದ್ದಿನ ವಿಷಯ ಮುಂದೆ ಬರುತ್ತದೆ.

ಗುಂಪಾಗಿ ರೈಡ್ ಹೋಗುವಾಗ ಮುಂದೆ ಒಬ್ಬ ಲೀಡ್ ಇರುತ್ತಾನೆ, ಎಲ್ಲರ ಹಿಂದೆ ಒಬ್ಬ ಸ್ವೀಪ್. ನಾವು ಅದನ್ನು ಕೊನೆಯ ಗಾಡಿ ಅಂತೀವಿ. ಕೊನೆಯ ಗಾಡಿಯವನು ಯಾರನ್ನೂ ದಾಟಬಾರದು. ಯಾರ ಗಾಡಿ ನಿಂತರೂ ಅವನೂ ನಿಲ್ಲಬೇಕು. ಅಂದರೆ ಎಲ್ಲರೂ ತಿಂಡಿ ತಿಂದು ಕೈ ತೊಳೆಯುವಾಗ ಅವನು ಬಂದು ಸೇರುವುದು. ಯಾರಿಗೂ ಇಷ್ಟವಾದ ಕೆಲಸವಲ್ಲ, ಅಣ್ಣ ಮಾತ್ರ ಹನ್ನೆರಡು ವರ್ಷ ಅದನ್ನೇ ಮಾಡಿದರು. ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಅಷ್ಟೊಂದು ಗಾಡಿಗಳು ಸೇರಿದಾಗಲೂ ಅವರು ಕೊನೆಗೇ. ಬಳಗಕ್ಕೆ ಅವರು ಹಾಕಿಕೊಟ್ಟ ನಿಯಮ ಒಂದೇ: ಕೊನೆಯವರು ಬರೋವರೆಗೂ ಯಾರೂ ಹೊರಡಬಾರದು.

2023ರ ಜನವರಿ ಕೊನೆಯಲ್ಲಿ ಒಂದು ರಾತ್ರಿ ಮನೆಯಲ್ಲೇ ಎದೆನೋವು ಬಂತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟರು.

ಬೆಳಿಗ್ಗೆ ಫೋಟೊ ಹುಡುಕಿದೆವು. ಹನ್ನೆರಡು ವರ್ಷದ ರೈಡ್ ಫೋಟೊಗಳು ಎಲ್ಲರ ಫೋನಲ್ಲೂ ಇದ್ದವು. ಅಣ್ಣ ಇದ್ದದ್ದು ನಾಲ್ಕರಲ್ಲೋ ಐದರಲ್ಲೋ. ಅವರು ಬಂದು ಸೇರುವ ಹೊತ್ತಿಗೆ ಫೋಟೊ ತೆಗೆದು ಮುಗಿದಿರುತ್ತಿತ್ತು.

ಮೊದಲ ಹದಿಮೂರು ದಿನ

ಅವತ್ತೇ ಒಂದು ತಪ್ಪಾಯಿತು. ನಮ್ಮವರೊಬ್ಬರು ‘ಅಣ್ಣ ಕೊನೆಯ ರೈಡ್‌ಗೆ ಹೊರಟರು’ ಅಂತ ಬರೆದು ಯೆಜ್ಡಿಯ ಫೋಟೊ ಹಾಕಿ ಎಲ್ಲ ಕಡೆ ಕಳಿಸಿದರು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಬರೀ ದುಃಖ. ಆದರೆ ಓದಿದವರೆಲ್ಲ ಆಕ್ಸಿಡೆಂಟ್ ಅಂದುಕೊಂಡರು. ಮಧ್ಯಾಹ್ನದ ಹೊತ್ತಿಗೆ ‘ಹೈವೇಯಲ್ಲಿ ಲಾರಿ ಹೊಡೀತಂತೆ’ ಅನ್ನುವವರೆಗೂ ಹೋಯಿತು. ಬೇರೆ ಊರಿನ ಕಾಲೇಜಿನಲ್ಲಿ ಓದುತ್ತಿದ್ದ ಅಣ್ಣನ ಮಗಳು ಬಸ್ಸಿನಲ್ಲಿ ಬರುತ್ತಿರುವಾಗಲೇ ಯಾರೋ ಗೆಳತಿ ಫೋನ್ ಮಾಡಿ, ಅಪ್ಪನಿಗೆ ಆಕ್ಸಿಡೆಂಟ್ ಆಯ್ತಂತಲ್ಲ ಅಂತ ಕೇಳಿದ್ದಾಳೆ. ಮನೆಯವರು ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ ಆ ಮಗು ಮೂರು ಗಂಟೆ ಒದ್ದಾಡಿತು. ಬೈಕ್ ಓಡಿಸುವವರು ಸತ್ತರೆ ಬೈಕಿನಿಂದಲೇ ಸತ್ತರು ಅಂತ ಜನ ತಾವೇ ತೀರ್ಮಾನಿಸಿಬಿಡುತ್ತಾರೆ, ಅಲ್ವಾ. ಏನಾಯಿತು ಅನ್ನುವುದನ್ನು ಮನೆಯವರನ್ನು ಕೇಳಿ ಒಂದು ಸಾಲಿನಲ್ಲಿ ನೇರವಾಗಿ ಬರೆದಿದ್ದರೆ ಸಾಕಿತ್ತು.

ಎರಡನೇ ತಪ್ಪು ನನ್ನದು. ಅಣ್ಣ ತೀರಿಕೊಂಡಾಗ ಯೆಜ್ಡಿ ನನ್ನ ಮನೆಯಲ್ಲಿತ್ತು. ಕ್ಲಚ್ ಪ್ಲೇಟ್ ಬದಲಿಸೋಕೆ ಅಂತ ಬಿಚ್ಚಿದ್ದೆ. ವೈಕುಂಠ ಸಮಾರಾಧನೆಯ ದಿನ ಅದನ್ನು ಮನೆಗೆ ಒಪ್ಪಿಸುವುದು ಸರಿ ಅನ್ನಿಸಿತು. ರಾತ್ರಿ ಕೂತು ಪ್ಲೇಟ್ ಹಾಕಿ, ಪಾಯಿಂಟ್ ಉಜ್ಜಿ, ಟ್ಯಾಂಕ್ ಒರೆಸಿ, ಬೆಳಿಗ್ಗೆ ಓಡಿಸಿಕೊಂಡೇ ಹೊರಟೆ. ನನ್ನ ಹಿಂದೆ ಇನ್ನೂ ಆರು ಜನ ಇದ್ದರು.

ಬೀದಿಯ ತಿರುವಿನಲ್ಲಿ ಗೇರ್ ಇಳಿಸಿದೆ. ಮನೆ ಕಾಣಿಸಿತು. ಅಣ್ಣನ ಅಮ್ಮ ಒಳಗಿನಿಂದ ಬೇಗ ಬೇಗ ಬರುತ್ತಿದ್ದರು. ಎಂಬತ್ತು ದಾಟಿದವರು, ಗೋಡೆ ಹಿಡಿದುಕೊಂಡೇ ನಡೆಯುವವರು. ಬಂದು ಗೇಟಿನ ಚಿಲಕ ಎತ್ತಿದರು, ಒಂದು ಬಾಗಿಲು ಎಳೆದರು, ಇನ್ನೊಂದನ್ನೂ ಎಳೆದರು. ಆಮೇಲೆ ನನ್ನ ಮುಖ ನೋಡಿದರು.

ನಲವತ್ತು ವರ್ಷದ ಅಭ್ಯಾಸ ಅದು. ಮೊದಲು ಗಂಡ, ಆಮೇಲೆ ಮಗ. ಆ ಸದ್ದು ತಿರುವಿನಲ್ಲಿ ಕೇಳಿದರೆ ಅವರು ಹೋಗಿ ಗೇಟ್ ತೆಗೆಯುತ್ತಿದ್ದರು. ಅವತ್ತು ಕಾಲು ತಾನಾಗಿಯೇ ಎದ್ದು ಬಂದಿತ್ತು. ಚಿಲಕದ ಮೇಲೆ ಕೈ ಹಾಗೇ ಇತ್ತು. ಅವರು ಅಳಲಿಲ್ಲ. ‘ಬಾಪ್ಪ, ಒಳಗೆ ತಗೊಂಬಾ’ ಅಂದರು. ನಾನು ಎಂಜಿನ್ ಆಫ್ ಮಾಡಿ, ಗಾಡಿಯನ್ನು ತಳ್ಳಿಕೊಂಡು ಒಳಗೆ ಹೋದೆ.

ಟೆಂಪೋದಲ್ಲಿ ತಂದಿದ್ದರೆ ಆಗುತ್ತಿತ್ತು. ತಿರುವಿನಲ್ಲೇ ಆಫ್ ಮಾಡಿ ತಳ್ಳಿಕೊಂಡು ಬಂದಿದ್ದರೂ ಆಗುತ್ತಿತ್ತು. ಹಿಂದಿನ ದಿನ ಅತ್ತಿಗೆಗೆ ಒಂದು ಫೋನ್ ಮಾಡಿದ್ದರೂ ಸಾಕಿತ್ತು. ಗಾಡಿಯನ್ನು ಸರಿ ಮಾಡಿ ಓಡಿಸಿಕೊಂಡು ಬಂದೆ ಅನ್ನುವ ಹೆಮ್ಮೆ ನನಗೆ ಬೇಕಾಗಿತ್ತು, ಆ ಮನೆಗೆ ಅವತ್ತು ಅದು ಬೇಕಿರಲಿಲ್ಲ.

ವರ್ಷದ ರೈಡ್

2024ರ ಜನವರಿಗೆ ವರ್ಷ ತುಂಬಿತು. ಅಣ್ಣನ ನೆನಪಿಗೆ ಮೇಲುಕೋಟೆಗೆ ರೈಡ್ ಹೋಗೋಣ ಅಂತ ತೀರ್ಮಾನವಾಯಿತು. ಶ್ರೀರಂಗಪಟ್ಟಣದ ಹತ್ತಿರ ಸೇರುವುದು, ಪಾಂಡವಪುರ, ಜಕ್ಕನಹಳ್ಳಿ ಮೇಲೆ ಹತ್ತಿ, ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದು ಬರುವುದು. ಅಣ್ಣನಿಗೆ ತುಂಬಾ ಇಷ್ಟದ ದಾರಿ. ಬ್ಯಾನರ್ ಆಯಿತು, ಟೀ ಶರ್ಟ್ ಆಯಿತು. ನಮ್ಮ ಬಳಗದಲ್ಲಿ ಮೂವತ್ತು ಚಿಲ್ಲರೆ ಜನ, ಅವತ್ತು ಬಂದಿದ್ದು ಅರವತ್ತಕ್ಕೂ ಮೇಲೆ. ಅರ್ಧ ಜನ ಅಣ್ಣನನ್ನು ನೋಡಿದವರೇ ಅಲ್ಲ.

ಬೆಂಗಳೂರಿನಿಂದ ಎಂಟು ಜನ ಬರಬೇಕಿತ್ತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಬರಬೇಕು. ಅವರು ತಡವಾದರು. ಏಳೂವರೆಗೆ ಹೊರಡಬೇಕಿತ್ತು, ಎಂಟಾಯಿತು, ಎಂಟೂಕಾಲಾಯಿತು. ಮುಂದೆ ಇದ್ದವರು ಹಾರ್ನ್ ಹೊಡೆಯೋಕೆ ಶುರು ಮಾಡಿದರು. ಬಿಸಿಲು ಏರುತ್ತೆ, ಅವರು ಬಂದು ಸೇರಿಕೊಳ್ತಾರೆ ಬಿಡಿ ಅಂತ ಒಬ್ಬರು ಹೇಳಿದರು. ಹೊರಟುಬಿಟ್ಟೆವು. ಹೊರಡೋಣ ಅಂದವರಲ್ಲಿ ನಾನೂ ಒಬ್ಬ.

ಇನ್ನೊಂದು ವಿಷಯ ಅವತ್ತು ಯಾರಿಗೂ ಹೊಳೆಯಲಿಲ್ಲ. ಲೀಡ್ ಯಾರು ಅಂತ ಹಿಂದಿನ ರಾತ್ರಿ ಅರ್ಧ ಗಂಟೆ ಮಾತಾಡಿದ್ದೆವು. ಬ್ಯಾನರ್ ಕಟ್ಟಿದ ಗಾಡಿಯ ಪಕ್ಕ ಯಾರು ಇರಬೇಕು ಅನ್ನುವುದೂ ತೀರ್ಮಾನವಾಗಿತ್ತು. ಕೊನೆಯ ಗಾಡಿ ಯಾರದು ಅಂತ ಒಬ್ಬರೂ ಕೇಳಲಿಲ್ಲ. ಹನ್ನೆರಡು ವರ್ಷ ಕೇಳುವ ಅಗತ್ಯವೇ ಬಿದ್ದಿರಲಿಲ್ಲವಲ್ಲ.

ಜನವರಿ ಅಂದರೆ ಆ ಕಡೆ ಒಕ್ಕಣೆ ಕಾಲ. ರೈತರು ಹುರುಳಿಯನ್ನು ರಸ್ತೆ ಮೇಲೆ ಹರಡುತ್ತಾರೆ, ಬಸ್ಸು ಲಾರಿ ಹತ್ತಿ ಹತ್ತಿ ಕಾಳು ಬಿಡುತ್ತದೆ. ಬೈಕಿನವರಿಗೆ ಇದು ಕೆಟ್ಟ ಅಪಾಯ. ಒಣಗಿದ ಬಳ್ಳಿಯ ಕೆಳಗೆ ಕಾಳು ಗೋಲಿಯ ಹಾಗೆ ಉರುಳುತ್ತದೆ. ಹೊಸಬರು ಹೆದರಿ ಮುಂದಿನ ಬ್ರೇಕ್ ಹಿಡಿಯುತ್ತಾರೆ, ಹಿಡಿದ ಕೂಡಲೇ ಚಕ್ರ ಜಾರುತ್ತದೆ. ಹುರುಳಿ ಸಿಗುವ ಮೊದಲೇ ವೇಗ ಇಳಿಸು, ಅದರ ಮೇಲೆ ಹೋದ ಮೇಲೆ ಬ್ರೇಕೂ ಬೇಡ, ತಿರುಗಿಸೋದೂ ಬೇಡ, ಹ್ಯಾಂಡಲ್ ನೆಟ್ಟಗೆ ಇಟ್ಟು ಹಾಗೇ ದಾಟು. ಅಣ್ಣ ಪ್ರತಿ ಜನವರಿ ಹೊಸ ಹುಡುಗರನ್ನು ನಿಲ್ಲಿಸಿಕೊಂಡು ಇಷ್ಟು ಹೇಳಿಯೇ ಕಳಿಸುತ್ತಿದ್ದರು. ಅವತ್ತು ಯಾರೂ ಹೇಳಲಿಲ್ಲ.

ಜಕ್ಕನಹಳ್ಳಿ ಇನ್ನೂ ಬಂದಿರಲಿಲ್ಲ. ಒಂದು ತಿರುವಿನಲ್ಲಿ ಹುರುಳಿ ಹರಡಿತ್ತು. ನಮ್ಮಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಹುಡುಗ, ಆರು ತಿಂಗಳಿಂದಷ್ಟೇ ಬೈಕ್ ಓಡಿಸುತ್ತಿದ್ದವನು, ಗುಂಪನ್ನು ಹಿಡಿಯಬೇಕು ಅಂತ ಜೋರಾಗಿ ಬಂದು ಅದರ ಮೇಲೆ ಬ್ರೇಕ್ ಹಿಡಿದ. ಗಾಡಿ ಒಂದು ಕಡೆ, ಅವನು ಒಂದು ಕಡೆ. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಕಾಲರ್ ಬೋನ್ ಮುರಿಯಿತು. ಫೋನ್ ಗಾಡಿಯ ಹ್ಯಾಂಡಲ್ ಮೇಲಿತ್ತು, ಒಡೆದುಹೋಗಿತ್ತು.

ನಾವು ಮೇಲುಕೋಟೆಯಲ್ಲಿ ಗಾಡಿ ಸಾಲಾಗಿ ನಿಲ್ಲಿಸಿ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದೆವು. ಒಬ್ಬ ಕಡಿಮೆ ಇದ್ದಾನೆ ಅನ್ನುವುದು ಪುಳಿಯೋಗರೆಗೆ ಎಲೆ ಎಣಿಸುವಾಗ ಗೊತ್ತಾಯಿತು. ಅಷ್ಟು ಹೊತ್ತಿಗೆ ಹುರುಳಿ ಹರಡಿದ್ದ ರೈತರೇ ಅವನನ್ನು ನೆರಳಿಗೆ ಕೂರಿಸಿ, ನೀರು ಕೊಟ್ಟು, ಊರಿನ ಒಬ್ಬರ ಆಟೊ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನಾವು ಓಡಿಹೋದಾಗ ಆ ರೈತರು ಹೊರಗೆ ಮರದ ಕೆಳಗೆ ನಿಂತಿದ್ದರು. ‘ಕೇಸ್ ಆಗುತ್ತಾ ಸ್ವಾಮಿ, ಹುರುಳಿ ನಮ್ದೇ’ ಅಂತ ಕೇಳಿದರು. ಹುಡುಗನ ಅಪ್ಪ ಅವರ ಕೈ ಹಿಡಿದುಕೊಂಡು, ನಿಮ್ಮ ಮೇಲೆ ಯಾವ ದೂರೂ ಇಲ್ಲ ಅಂದರು. ಗಾಯವಾದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೇ 134ಎ ಅಂತ ರಕ್ಷಣೆ ಇದೆ, ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಇದು ರೈಡ್ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು, ದಾರಿಯಲ್ಲಿ ಸಹಾಯಕ್ಕೆ ನಿಂತವರಿಗೆ ಹೇಳೋಕೆ.

ಅತ್ತಿಗೆ ಹೇಳಿದ್ದು

ಮಾರನೇ ವಾರ ಮೂರು ಜನ ಅಣ್ಣನ ಮನೆಗೆ ಹೋದೆವು. ನಡೆದದ್ದನ್ನು ಹೇಳಬೇಕಿತ್ತು. ಅತ್ತಿಗೆ ಪೂರ್ತಿ ಕೇಳಿದರು.

‘ಅವರ ಹೆಸರಲ್ಲಿ ಇನ್ನು ಯಾರನ್ನೂ ಬೀಳಿಸಬೇಡಿ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹಿಂದೆ ಯಾರಿದ್ರು?’ ಅಂತ ಕೇಳಿದರು. ನಾವು ಯಾರೂ ಮಾತಾಡಲಿಲ್ಲ.

ಆಮೇಲೆ ಅವರು ಒಳಗೆ ಹೋಗಿ ಎರಡು ವಸ್ತು ತಂದರು. ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಯೆಜ್ಡಿಯ ಆರ್‌ಸಿ, ಮುಗಿದುಹೋದ ಇನ್ಶೂರೆನ್ಸ್. ಇದನ್ನು ಏನು ಮಾಡಬೇಕು ಅಂತ ಒಂದು ವರ್ಷದಿಂದ ಯಾರನ್ನು ಕೇಳೋದು ಗೊತ್ತಾಗ್ಲಿಲ್ಲ ಅಂದರು. ನಮಗೆ ಮಾತೇ ಹೊರಡಲಿಲ್ಲ. ಟೀ ಶರ್ಟಿನ ಬಣ್ಣದ ಬಗ್ಗೆ ನೂರಾರು ಮೆಸೇಜ್ ಹಾಕಿದ್ದ ನಾವು, ಆ ಮನೆಗೆ ಹೋಗಿ ‘ಅತ್ತಿಗೆ, ಕಾಗದಪತ್ರ ಏನಾದ್ರೂ ಆಗಬೇಕಾ’ ಅಂತ ಒಂದು ಸಲವೂ ಕೇಳಿರಲಿಲ್ಲ.

ಬೇರೆಯವರಿಗೆ ಉಪಯೋಗವಾಗಲಿ ಅಂತ ಇಲ್ಲಿ ಹೇಳುತ್ತೇನೆ. ಗಾಡಿಯ ಮಾಲೀಕರು ತೀರಿಕೊಂಡರೆ, ಗಾಡಿ ಉಳಿಸಿಕೊಳ್ಳುವವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮರಣ ಪತ್ರ, ವಾರಸುದಾರರ ಒಪ್ಪಿಗೆ ಇವೆಲ್ಲ ಬೇಕಾಗುತ್ತವೆ. 2021ರಿಂದ ಆರ್‌ಸಿಯಲ್ಲೇ ನಾಮಿನಿ ಹೆಸರು ಸೇರಿಸುವ ಅವಕಾಶ ಇದೆ, ಅದನ್ನು ಮಾಡಿಟ್ಟಿದ್ದರೆ ಮನೆಯವರ ಓಡಾಟ ಎಷ್ಟೋ ಕಡಿಮೆ. ಇನ್ನು 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಗಾಡಿಯನ್ನು ತೆಗೆದುಕೊಂಡು ಹೋಗಿ ತೋರಿಸಬೇಕು. ಅಣ್ಣನ ಯೆಜ್ಡಿಗೆ ಆ ಗಡುವು 2025ರಲ್ಲಿತ್ತು. ಅಂದರೆ ಗಾಡಿ ಓಡುವ ಸ್ಥಿತಿಯಲ್ಲಿರಬೇಕು. ಅದೋ, ಒಂದು ವರ್ಷ ನಿಂತು ಟ್ಯಾಂಕ್ ಒಳಗೆ ತುಕ್ಕು ಹಿಡಿದಿತ್ತು, ಕಾರ್ಬ್ಯುರೇಟರ್ ಕಟ್ಟಿಕೊಂಡಿತ್ತು.

ಅತ್ತಿಗೆ ತಂದ ಇನ್ನೊಂದು ವಸ್ತು ಅಣ್ಣನ ಟೂಲ್ ಚೀಲ. ಖಾಕಿ ಬಟ್ಟೆಯದು, ಅತ್ತಿಗೆಯೇ ಹೊಲಿದುಕೊಟ್ಟಿದ್ದು. ಪ್ಲಗ್ ಸ್ಪ್ಯಾನರ್, ಒಂದು ಕ್ಲಚ್ ಕೇಬಲ್, ಮರಳು ಕಾಗದದ ತುಂಡು, ಟೇಪು, ಗ್ಲೂಕೋಸ್ ಬಿಸ್ಕತ್ತಿನ ಒಂದು ಪ್ಯಾಕೆಟ್. ಜೊತೆಗೆ ಆಯಿಲ್ ಕಲೆಯಾದ ಒಂದು ಸಣ್ಣ ನೋಟ್‌ಬುಕ್. ನಾವು ಅದನ್ನು ನೋಡಿಯೇ ಇರಲಿಲ್ಲ. ಪೆಟ್ರೋಲ್ ಲೆಕ್ಕ ಇರಬಹುದು ಅಂದುಕೊಂಡು ತೆರೆದೆವು.

ಪ್ರತಿ ರೈಡ್‌ಗೆ ಎರಡು ಮೂರು ಸಾಲು. ಅವತ್ತು ಯಾರು ಹಿಂದೆ ಬಿದ್ದರು, ಯಾಕೆ. ‘ಹೊಸ ಹುಡುಗ. ಎಡ ತಿರುವಿಗೆ ಹೆದರುತ್ತಾನೆ. ಮುಂದಿನ ಸಲ ನನ್ನ ಮುಂದೆಯೇ ಇರಲಿ.’ ‘ಇವರಿಗೆ ಮಂಡಿ ನೋವು, ಹೇಳಲ್ಲ. 40 ಕಿ.ಮೀ.ಗೆ ಟೀ ನೆಪ ಮಾಡಿ ನಿಲ್ಲಿಸಬೇಕು.’ ಟೀ ಕುಡಿಯೋಣ ಅಂತ ಅಣ್ಣ ಅಲ್ಲಲ್ಲಿ ಫೋನ್ ಮಾಡಿ ನಿಲ್ಲಿಸುತ್ತಿದ್ದದ್ದು ನಮಗೆಲ್ಲ ನೆನಪಿತ್ತು. ಅವರಿಗೆ ಟೀ ಚಟ ಅಂತ ಅಂದುಕೊಂಡಿದ್ದೆವು. ನನ್ನ ಬಗ್ಗೆಯೂ ಒಂದು ಸಾಲಿತ್ತು. ‘ಬ್ರೇಕ್ ತಡವಾಗಿ ಹಿಡಿಯುತ್ತಾನೆ. ಹೇಳಿದರೆ ಬೇಜಾರು ಮಾಡ್ಕೊಳ್ತಾನೆ. ಹಿಂದೆ ಇದ್ದು ನೋಡ್ಕೊಳ್ತೀನಿ.’ ತಾರೀಖು ನೋಡಿದೆ, ಒಂಬತ್ತು ವರ್ಷ ಹಿಂದಿನದು. ಅಷ್ಟು ವರ್ಷ ಅವರು ನನಗೆ ಅದನ್ನು ಹೇಳಲಿಲ್ಲ. ನನ್ನ ಹಿಂದೆಯೇ ಇದ್ದರು.

ಆಮೇಲೆ ಬದಲಿಸಿದ್ದು

ಆ ನೋಟ್‌ಬುಕ್ ಓದಿದ ಮೇಲೆ ಬೇರೆ ಯೋಚನೆ ಬೇಕಾಗಲಿಲ್ಲ. ನೆನಪಿನ ರೈಡ್ ನಿಲ್ಲಿಸಿದೆವು. ಅದರ ಬದಲು ಪ್ರತಿ ರೈಡ್‌ನಲ್ಲೂ ಕೊನೆಯ ಗಾಡಿ ಯಾರದು ಅನ್ನುವುದು ಮೊದಲು ತೀರ್ಮಾನವಾಗಬೇಕು, ಲೀಡ್ ಯಾರು ಅನ್ನುವುದು ಅದಾದ ಮೇಲೆ. ಸರದಿಯ ಪ್ರಕಾರ ಎಲ್ಲರೂ ಕೊನೆಗೆ ಹೋಗಲೇಬೇಕು, ಎಷ್ಟು ದೊಡ್ಡ ಬೈಕ್ ಇದ್ದರೂ. ಅಣ್ಣನ ಟೂಲ್ ಚೀಲ ಅವತ್ತು ಅವರ ಹತ್ತಿರ ಇರುತ್ತದೆ. ಹಳೇ ನೋಟ್‌ಬುಕ್ ಅತ್ತಿಗೆಗೇ ವಾಪಸ್ ಕೊಟ್ಟು ಹೊಸದೊಂದು ಇಟ್ಟಿದ್ದೇವೆ. ಸಂಜೆ ಅದರಲ್ಲಿ ಎರಡು ಸಾಲು ಬರೆಯಬೇಕು.

ಮೊದಲ ಮೂರು ನಾಲ್ಕು ತಿಂಗಳು ಕಷ್ಟವಾಯಿತು. ಇಬ್ಬರು ಬಳಗ ಬಿಟ್ಟರು, 40ರ ಸ್ಪೀಡಲ್ಲಿ ಯಾರದೋ ಹಿಂದೆ ಹೋಗೋಕೆ ದೊಡ್ಡ ಬೈಕ್ ತಗೊಂಡಿಲ್ಲ ಅಂದರು. ಬೇಜಾರಾಯಿತು, ಒಳ್ಳೆಯ ಗೆಳೆಯರೇ. ಆದರೆ ನಿಯಮ ಬಿಡಲಿಲ್ಲ. ಕೊನೆಯಲ್ಲಿ ಹೋದ ಪ್ರತಿಯೊಬ್ಬರೂ ಒಂದೇ ಮಾತು ಹೇಳಿದ್ದನ್ನು ಕೇಳಿದ್ದೇನೆ: ಹಿಂದಿನಿಂದ ನೋಡಿದರೆ ಯಾರಿಗೆ ಸುಸ್ತಾಗಿದೆ, ಯಾರು ಹೆದರಿದ್ದಾರೆ ಎಲ್ಲ ಕಾಣಿಸುತ್ತೆ. ಮುಂದೆ ಇದ್ದಾಗ ಕನ್ನಡಿಯಲ್ಲಿ ಬರೀ ಹೆಡ್‌ಲೈಟ್ ಕಾಣಿಸುತ್ತದೆ. ಅವತ್ತು ಬಿದ್ದ ಹುಡುಗ ವಾಸಿಯಾಗಿ ಆರು ತಿಂಗಳ ನಂತರ ಮತ್ತೆ ಬಂದ. ಈಗ ತನ್ನ ಸರದಿ ಅಲ್ಲದಿದ್ದರೂ ಕೊನೆಗೇ ಹೋಗುತ್ತೇನೆ ಅಂತ ಕೇಳುತ್ತಾನೆ.

ಗಾಡಿಯ ವಿಷಯದಲ್ಲಿ ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ಒಬ್ಬರು ಒಳ್ಳೆಯ ಬೆಲೆಗೆ ಯೆಜ್ಡಿ ಕೇಳಿದರು. ನಮ್ಮಲ್ಲಿ ಕೆಲವರು ಅತ್ತಿಗೆಗೆ ‘ಮಾರಬೇಡಿ, ಅದು ನಮ್ಮೆಲ್ಲರ ನೆನಪು’ ಅಂತ ಹೇಳೋಣ ಅಂದರು. ಇನ್ನು ಕೆಲವರು ಮಗಳಿಗೆ ಓಡಿಸೋಕೆ ಕಲಿಸೋಣ ಅಂದರು. ಈ ಸಲ ಬಾಯಿ ಮುಚ್ಚಿಕೊಂಡು ಮೊದಲು ಕೇಳಿದೆವು. ಮಗಳಿಗೆ ಬೈಕ್ ಕಲಿಯುವ ಆಸೆ ಇಲ್ಲ, ಸ್ಪಷ್ಟವಾಗಿ ಹೇಳಿದಳು. ಅತ್ತಿಗೆ, ಅತ್ತೆ ಹೇಳಿದ ಹಾಗೆ ಅಂದರು. ಅಮ್ಮ ಎರಡು ದಿನ ಯೋಚಿಸಿದರು. ಗಾಡಿ ಇರಲಿ, ಕಾಗದ ಸೊಸೆ ಹೆಸರಿಗೆ ಆಗಲಿ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ನೀನು ತಗೊಂಡು ಹೋಗಿ ಸರಿ ಮಾಡು. ತಿಂಗಳಿಗೊಂದ್ಸಲ ಸ್ಟಾರ್ಟ್ ಮಾಡು, ಸುಮ್ನೆ ನಿಂತ್ರೆ ಹಾಳಾಗುತ್ತೆ ಅಂತ ಅವನೇ ಹೇಳ್ತಿದ್ದ. ಆದ್ರೆ ಬರೋ ಮುಂಚೆ ಹೇಳಿ ಬಾ’ ಅಂದರು.

ತಡವಾದದ್ದಕ್ಕೆ ದಂಡ ಕಟ್ಟಿ, ಆರ್‌ಟಿಒಗೆ ಐದಾರು ಸಲ ಅಲೆದು, ಹೆಸರು ಬದಲಾಯಿತು. 2025ರ ನವೀಕರಣವೂ ಆಯಿತು. ಟ್ಯಾಂಕ್ ತೊಳೆಸಿ, ಸೀಲ್ ಬದಲಿಸಿ, ಗಾಡಿ ಈಗ ಎರಡನೇ ಕಿಕ್ಕಿಗೆ ಎದ್ದೇಳುತ್ತದೆ.

ತಿಂಗಳ ಮೊದಲ ಭಾನುವಾರ ನಾನು ಅದನ್ನು ಮನೆಯಿಂದ ತೆಗೆದುಕೊಂಡು ಒಂದು ಸುತ್ತು ಹೋಗಿ ಬರುತ್ತೇನೆ. ವಾಪಸ್ ಬರುವಾಗ ತಿರುವಿಗೆ ಮೊದಲೇ, ಕಿರಾಣಿ ಅಂಗಡಿ ಮುಂದೆ, ಎಂಜಿನ್ ಆಫ್ ಮಾಡಿ ಫೋನ್ ಮಾಡುತ್ತೇನೆ. ‘ಅಮ್ಮ, ನಾನು, ಗಾಡಿ ತರ್ತಾ ಇದೀನಿ.’ ಮೊದಲೆಲ್ಲ ‘ಹ್ಞೂಂ’ ಅಂತ ಇಟ್ಟುಬಿಡುತ್ತಿದ್ದರು, ನಾನು ತಳ್ಳಿಕೊಂಡು ಹೋಗುತ್ತಿದ್ದೆ. ಹೋದ ತಿಂಗಳು, ‘ತಳ್ಳಬೇಡ, ಬೆನ್ನು ನೋವು ಬರುತ್ತೆ. ಓಡಿಸ್ಕೊಂಡೇ ಬಾ, ಗೇಟ್ ತೆಗೆದಿದ್ದೀನಿ’ ಅಂದರು.